ಪಠ್ಯದಲ್ಲಿಲ್ಲದ ಪ್ರಶ್ನೆ ಮತ್ತು ಪಾಲ್ ಲಾಂಜೆವಿನ್

ಬೋಧನಾಭ್ಯಾಸದ ಎರಡನೇ ವಾರ ನನಗೆ 9ನೇ ತರಗತಿಯ ಶಬ್ದ ಘಟಕ ಬಂದಿತ್ತು. ಶ್ರವಣಾತೀತ ಶಬ್ದದ ಉಪಯೋಗಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಿದ್ದೆ: ಸೋನಾರ್, ಆಸ್ಪತ್ರೆಯ ಸ್ಕ್ಯಾನಿಂಗ್, ಲೋಹದೊಳಗಿನ ಬಿರುಕಿನ ಪತ್ತೆ, ಸಣ್ಣ ಬಿಡಿಭಾಗಗಳ ಶುಚಿ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ತನ್ನ ಅಣ್ಣ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿ ಟೈಟಾನಿಯಂ ಕೆಲಸಕ್ಕೆ ಹೊಸ ಮೆಷಿನ್ ಬಂದಿದೆ, ಅದರ ಟೂಲ್ ಕಣ್ಣಿಗೆ ಕಾಣದಂತೆ ನಡುಗುತ್ತಂತೆ, ಅದೂ ಇದೇ ಶಬ್ದವಾ ಎಂದು ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಹೇಳುವ ಬದಲು, ಅದು ಪಠ್ಯದಲ್ಲಿಲ್ಲ, ಕೂತ್ಕೋ ಎಂದೆ. ಪಾಠ ಮುಗಿದ ಮೇಲೆ, ಹಿಂದೆ ಕೂತು ವೀಕ್ಷಿಸುತ್ತಿದ್ದ ನಮ್ಮ ಮೇಡಂ ನನ್ನ ವೀಕ್ಷಣಾ ಪುಸ್ತಕದಲ್ಲಿ ಪ್ರಸ್ತಾವನೆ ಚೆನ್ನಾಗಿದೆ, ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ ಎಂದು ಬರೆದು, ಕೆಳಗೆ ಒಂದೇ ಸಾಲು ಸೇರಿಸಿದ್ದರು: ಕಲಿಕಾರ್ಥಿಯ ಪ್ರಶ್ನೆಗೆ ಉತ್ತರ ಬಾಕಿ ಇದೆ.

ಆ ಸಾಲು ನನ್ನನ್ನು ಚುಚ್ಚಿತು. ನಮ್ಮಪ್ಪ ವೆಲ್ಡಿಂಗ್ ಕೆಲಸದವರು. ಓದಿದರೆ ಈ ಕಿಡಿ, ಈ ಮಸಿ ತಪ್ಪುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳಿಕೊಟ್ಟಿದ್ದರು. ನಾನೂ ಹಾಗೇ ನಂಬಿ ಬಿ.ಎಸ್ಸಿ. ಓದಿದೆ. ವರ್ಕ್‌ಶಾಪಿನ ಮಾತನ್ನು ತರಗತಿಯೊಳಗೆ ತಂದ ಹುಡುಗನನ್ನು ನಾನು ಕೂರಿಸಿದ್ದು ಉತ್ತರ ಗೊತ್ತಿಲ್ಲದ್ದಕ್ಕೆ ಮಾತ್ರವಲ್ಲ. ವಿಜ್ಞಾನ ಒಂದು ಕಡೆ, ಕೈಕೆಲಸ ಇನ್ನೊಂದು ಕಡೆ ಎಂಬ ಗೆರೆ ನನ್ನೊಳಗೇ ಇತ್ತು.

ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಹೆಸರು ಪಾಲ್ ಲಾಂಜೆವಿನ್. ಫ್ರೆಂಚರ ಬಾಯಲ್ಲಿ ಅದು ಲಾಂಜ್‌ವಾಂ. ಭೌತವಿಜ್ಞಾನ ಓದಿದ ನಮಗೆಲ್ಲ ಈ ಹೆಸರು ಗೊತ್ತು. ಅನುಕಾಂತತೆಯ ಬಗ್ಗೆ ಲಾಂಜೆವಿನ್ ಸಿದ್ಧಾಂತವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಸಮೀಕರಣದ ಹಿಂದೆ ಇದ್ದ ಮನುಷ್ಯ ಒಬ್ಬ ಮೇಷ್ಟ್ರು ಎಂದು ನನಗೆ ತಿಳಿದಿರಲಿಲ್ಲ. ಅವರ ಬದುಕನ್ನು ಮುಂದಿನ ವಾರ ಅದೇ ತರಗತಿಗೆ ಹೇಳಿದೆ. ಅದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಲಾಂಜೆವಿನ್ ಹುಟ್ಟಿದ್ದು 1872ರ ಜನವರಿ 23ರಂದು, ಪ್ಯಾರಿಸ್‌ನಲ್ಲಿ. ತಂದೆ ಕಟ್ಟಡ ಕೆಲಸಗಳ ಅಳತೆ ಮತ್ತು ಲೆಕ್ಕ ಪರಿಶೀಲಿಸುವ ಉದ್ಯೋಗದವರು. ಮನೆ ಶ್ರೀಮಂತರದ್ದಲ್ಲ. ಹುಡುಗ 16ನೇ ವಯಸ್ಸಿನಲ್ಲಿ, 1888ರಲ್ಲಿ, ಪ್ಯಾರಿಸ್ ನಗರದ ಕೈಗಾರಿಕಾ ಭೌತ ಮತ್ತು ರಸಾಯನ ವಿಜ್ಞಾನ ಶಾಲೆಗೆ ಸೇರಿದ. ಕಾರ್ಖಾನೆಗಳಿಗೆ ಎಂಜಿನಿಯರುಗಳನ್ನು ತಯಾರು ಮಾಡಲು 1882ರಲ್ಲಿ ತೆರೆದ ಶಾಲೆ ಅದು. ಅಲ್ಲಿ ಪ್ರಯೋಗಾಲಯದ ಕೆಲಸ ಕಲಿಸುತ್ತಿದ್ದವರು ಪಿಯರ್ ಕ್ಯೂರಿ.

ಪಿಯರ್ ಮತ್ತು ಅವರ ಅಣ್ಣ ಜಾಕ್ 1880ರಲ್ಲೇ ಒಂದು ವಿಚಿತ್ರ ಕಂಡುಹಿಡಿದಿದ್ದರು. ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚುಕಲ್ಲಿನ ಜಾತಿಯ ಸ್ಫಟಿಕವನ್ನು ಸರಿಯಾದ ದಿಕ್ಕಿನಲ್ಲಿ ಒತ್ತಿದರೆ ಅದರ ಮೈಮೇಲೆ ವಿದ್ಯುದಾವೇಶ ಮೂಡುತ್ತದೆ. ಮರುವರ್ಷ ಇದರ ತಿರುಗುಮುರುಗೂ ನಿಜವೆಂದು ತೋರಿಸಿದರು: ವಿದ್ಯುತ್ ಕೊಟ್ಟರೆ ಸ್ಫಟಿಕ ಒಂದಿಷ್ಟೇ ಇಷ್ಟು ಹಿಗ್ಗಿ ಕುಗ್ಗುತ್ತದೆ. ಆ ಹಿಗ್ಗು ಎಷ್ಟು ಸಣ್ಣದೆಂದರೆ, ಸೂಕ್ಷ್ಮ ಅಳತೆಯ ಉಪಕರಣಗಳ ಹೊರತು ಅದಕ್ಕೆ ದೊಡ್ಡ ಉಪಯೋಗವೇನೂ ಆಗ ಕಾಣಲಿಲ್ಲ. ಈ ಗುರುವಿನ ಕೈಕೆಳಗೆ ಲಾಂಜೆವಿನ್ ಅಳೆಯುವುದನ್ನು ಕಲಿತರು.

ಆಮೇಲೆ ಎಕೋಲ್ ನಾರ್ಮಾಲ್ ಎಂಬ ಹೆಸರಾಂತ ಶಿಕ್ಷಕರ ಕಾಲೇಜು. 1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ಅವರ ಜತೆ ಒಂದು ವರ್ಷ. ಎಲೆಕ್ಟ್ರಾನ್ ಗುರುತಿಗೆ ಬಂದ ವರ್ಷವೇ ಅದು. 1902ರಲ್ಲಿ ಡಾಕ್ಟರೇಟ್. 1905ರಲ್ಲಿ ಅವರು ಪ್ರಕಟಿಸಿದ ಕಾಂತತ್ವದ ಸಿದ್ಧಾಂತವೇ ನಾವು ಇಂದಿಗೂ ಪದವಿಯಲ್ಲಿ ಓದುವುದು. ಕ್ಯೂರಿಯವರು ಪಾಠ ಮಾಡುತ್ತಿದ್ದ ಕೈಗಾರಿಕಾ ಶಾಲೆಯಲ್ಲಿ ಲಾಂಜೆವಿನ್ ತಾವೇ ಅಧ್ಯಾಪಕರಾದರು, ಮುಂದೆ ಅದರ ನಿರ್ದೇಶಕರೂ ಆದರು. 1909ರಿಂದ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕರು. ಆದರೂ ಕೈಗಾರಿಕಾ ಶಾಲೆಯನ್ನು ಬಿಡಲಿಲ್ಲ.

ಪ್ರಶಿಕ್ಷಣಾರ್ಥಿಗಳಾದ ನಾವು ಗಮನಿಸಬೇಕಾದ ಒಂದು ಸಂಗತಿ ಈ ಕಾಲದ್ದು. 1907ರ ಸುಮಾರಿಗೆ ಮೇರಿ ಕ್ಯೂರಿ, ಜಾನ್ ಪೆರಿನ್, ಲಾಂಜೆವಿನ್ ಮುಂತಾದ ಗೆಳೆಯರು ತಮ್ಮ ಮಕ್ಕಳಿಗೆ ತಾವೇ ಪಾಠ ಮಾಡುವ ಏರ್ಪಾಡು ಮಾಡಿಕೊಂಡರು. ಶಾಲೆಯಲ್ಲಿ ಮಕ್ಕಳನ್ನು ಹೊತ್ತುಗಟ್ಟಲೆ ಸುಮ್ಮನೆ ಕೂರಿಸುತ್ತಾರೆ ಎಂಬುದು ಅವರ ಅಸಮಾಧಾನ. ಮೇರಿ ಕ್ಯೂರಿ ಭೌತವಿಜ್ಞಾನ, ಪೆರಿನ್ ರಸಾಯನವಿಜ್ಞಾನ, ಲಾಂಜೆವಿನ್ ಗಣಿತ. ಪಾಠ ನಡೆಯುತ್ತಿದ್ದುದು ಪ್ರಯೋಗಾಲಯಗಳಲ್ಲಿ, ಮಕ್ಕಳ ಕೈಯಿಂದಲೇ ಪ್ರಯೋಗ. ಎರಡು ವರ್ಷದ ಆಚೆಗೆ ಅದು ನಡೆಯಲಿಲ್ಲ. ಅಲ್ಲಿ ಕಲಿತ ಐರೀನ್ ಕ್ಯೂರಿ ಮುಂದೆ ನೊಬೆಲ್ ಪಡೆದರು.

ಅವರ ಬದುಕಿನಲ್ಲಿ ನೆರಳೂ ಇತ್ತು. 1911ರಲ್ಲಿ ಅವರ ಸಂಸಾರ ಮುರಿಯುವ ಹಂತಕ್ಕೆ ಬಂದಾಗ, ವಿಧವೆಯಾಗಿದ್ದ ಮೇರಿ ಕ್ಯೂರಿಯವರ ಜತೆಗಿನ ಅವರ ಸ್ನೇಹವನ್ನು ಪ್ಯಾರಿಸ್‌ನ ಪತ್ರಿಕೆಗಳು ಬೀದಿಗೆಳೆದವು. ಕಲ್ಲು ಹೆಚ್ಚು ಬಿದ್ದದ್ದು ಹೆಣ್ಣಿನ ಮೇಲೆ. ಇದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ. ಆದರೆ ಜೀವನಚರಿತ್ರೆ ಬರೆಯುವಾಗ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ನೀರಿನೊಳಗೆ ಬೆಳಕು ದೂರ ಹೋಗದು, ರೇಡಿಯೋ ಅಲೆಯೂ ಹೋಗದು, ಶಬ್ದ ಹೋಗುತ್ತದೆ. ರಷ್ಯಾ ಮೂಲದ ಎಂಜಿನಿಯರ್ ಕಾನ್‌ಸ್ಟಾಂಟಿನ್ ಚಿಲೋವ್‌ಸ್ಕಿ ಕಳಿಸಿದ್ದ ಸಲಹೆಯನ್ನು ಫ್ರೆಂಚ್ ಸರ್ಕಾರ 1915ರಲ್ಲಿ ಲಾಂಜೆವಿನ್ ಅವರಿಗೆ ಒಪ್ಪಿಸಿತು: ಕಿವಿಗೆ ಕೇಳದಷ್ಟು ಹೆಚ್ಚಿನ ಆವೃತ್ತಿಯ ಶಬ್ದವನ್ನು ನೀರಿಗೆ ಬಿಟ್ಟು, ಪ್ರತಿಧ್ವನಿ ಹಿಡಿಯುವುದು.

ಹೆಚ್ಚಿನ ಆವೃತ್ತಿಯೇ ಏಕೆ ಎಂಬುದನ್ನು ನಾನು ತರಗತಿಯಲ್ಲಿ ಲೆಕ್ಕವಾಗಿ ಕೊಟ್ಟೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಆವೃತ್ತಿ 1,000 ಹರ್ಟ್ಜ್ ಆದರೆ ತರಂಗದೂರ ಒಂದೂವರೆ ಮೀಟರ್. ಅಂಥ ಅಲೆ ಸಣ್ಣ ಉಪಕರಣದಿಂದ ಹೊರಟರೆ ಎಲ್ಲ ಕಡೆಗೂ ಹರಡಿಹೋಗುತ್ತದೆ. 40,000 ಹರ್ಟ್ಜ್ ಆದರೆ ತರಂಗದೂರ 4 ಸೆಂಟಿಮೀಟರಿಗಿಂತ ಕಡಿಮೆ. ಅದನ್ನು ಟಾರ್ಚ್ ಬೆಳಕಿನಂತೆ ಒಂದೇ ದಿಕ್ಕಿಗೆ ಬಿಡಬಹುದು.

ಮೊದಲ ಪ್ರಯೋಗಗಳು ಸೇನ್ ನದಿಯಲ್ಲಿ, ಆಮೇಲೆ ತುಲೋನ್ ಬಂದರಿನಲ್ಲಿ. ಅಭ್ರಕದ ಹಾಳೆಗಳಿಂದ ಮಾಡಿದ ಮೊದಲ ಪ್ರೇಷಕ ಶಕ್ತಿ ಸಾಲದೆ ಸೋತಿತು. 1917ರಲ್ಲಿ ಲಾಂಜೆವಿನ್ ತಮ್ಮ ಗುರುವಿನ ಸ್ಫಟಿಕವನ್ನು ನೆನಪು ಮಾಡಿಕೊಂಡರು. ಪಿಯರ್ ಕ್ಯೂರಿ 1906ರಲ್ಲೇ ಬೀದಿ ಅಪಘಾತದಲ್ಲಿ ತೀರಿಕೊಂಡಿದ್ದರು. ಪ್ರಯೋಗಾಲಯದ ಮೂಲೆಯಲ್ಲಿ ಉಳಿದಿದ್ದ ಅವರ ಕಲ್ಲು 37 ವರ್ಷಗಳ ಮೇಲೆ ಕೆಲಸಕ್ಕೆ ಬಂತು.

ಕ್ವಾರ್ಟ್ಜ್ ಒಂದೇ ಇದ್ದರೆ, ಬೇಕಾದ ಆವೃತ್ತಿಗೆ ಸೆಂಟಿಮೀಟರುಗಟ್ಟಲೆ ದಪ್ಪದ ದೊಡ್ಡ ಸ್ಫಟಿಕಗಳು ಬೇಕು, ಅವನ್ನು ನಡುಗಿಸಲು ಭಾರಿ ವೋಲ್ಟೇಜೂ ಬೇಕು. ಲಾಂಜೆವಿನ್ ಮಾಡಿದ ಉಪಾಯ ಕಮ್ಮಾರಶಾಲೆಯ ಬುದ್ಧಿಯದ್ದು. ತೆಳುವಾದ ಕ್ವಾರ್ಟ್ಜ್ ತುಂಡುಗಳನ್ನು ನೆಲದ ಹಾಸುಗಲ್ಲಿನಂತೆ ಪಕ್ಕಪಕ್ಕ ಜೋಡಿಸಿ, ಎರಡು ದಪ್ಪ ಉಕ್ಕಿನ ಫಲಕಗಳ ನಡುವೆ ಅಂಟಿಸಿದರು. ಬ್ರೆಡ್ಡಿನ ನಡುವೆ ಜಾಮ್ ಇಟ್ಟ ಹಾಗೆ. ಈಗ ನಡುಗುವುದು ಕಲ್ಲೊಂದೇ ಅಲ್ಲ, ಉಕ್ಕೂ ಸೇರಿ ಇಡೀ ಗಟ್ಟಿ. ಆ ಗಟ್ಟಿಯ ಸ್ವಾಭಾವಿಕ ಆವೃತ್ತಿಗೆ ಸರಿಯಾಗಿ ವಿದ್ಯುತ್ ಕೊಟ್ಟರೆ ಕಂಪನ ಬೆಳೆಯುತ್ತದೆ. ಉಯ್ಯಾಲೆ ತೂಗುವಾಗ ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ಮಗುವೂ ದೊಡ್ಡವರನ್ನು ತೂಗಬಲ್ಲದು, ಹಾಗೆ. ಇದೇ ಅನುನಾದ.

1918ರಲ್ಲಿ ಜಲಾಂತರ್ಗಾಮಿಯಿಂದ ಪ್ರತಿಧ್ವನಿ ಹಿಂದಿರುಗಿತು. ಯುದ್ಧ ಆ ನವೆಂಬರ್‌ನಲ್ಲೇ ಮುಗಿದಿದ್ದರಿಂದ ಉಪಕರಣಕ್ಕೆ ಹೆಚ್ಚು ಕೆಲಸ ಬೀಳಲಿಲ್ಲ. ಆದರೆ ತುಲೋನ್‌ನಲ್ಲಿ ಇನ್ನೊಂದು ಸಂಗತಿ ಕಂಡಿತ್ತು. ಶಬ್ದದ ಹಾದಿಗೆ ಬಂದ ಸಣ್ಣ ಮೀನುಗಳು ಸತ್ತು ತೇಲಿದವು. ನೀರಿಗೆ ಕೈ ಇಟ್ಟರೆ ನೋವು. ಕೇಳದ ಶಬ್ದಕ್ಕೆ ಹೊಡೆಯುವ ಬಲವಿದೆ! ಅಲ್ಲಿಗೆ ಭೇಟಿ ಕೊಟ್ಟಿದ್ದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇದನ್ನು ಮರೆಯಲಿಲ್ಲ. 1927ರಲ್ಲಿ ಆಲ್‌ಫ್ರೆಡ್ ಲೂಮಿಸ್ ಜತೆಗೂಡಿ ಅವರು ಇಂಥ ಪರಿಣಾಮಗಳ ದೊಡ್ಡ ಅಧ್ಯಯನ ಪ್ರಕಟಿಸಿದರು. 1940ರ ದಶಕದ ನಡುವಿನಲ್ಲಿ ಲೂಯಿಸ್ ಬಲಮುತ್ ಅದೇ ಬಲದಿಂದ ವಸ್ತುವನ್ನು ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಡುಗುವ ಟೂಲ್ ಮತ್ತು ಕೆಲಸದ ವಸ್ತುವಿನ ನಡುವೆ ಅಪಘರ್ಷಕ ಪುಡಿ ಬೆರೆಸಿದ ನೀರು ಹರಿಯುತ್ತದೆ, ಟೂಲ್ ಆ ಕಣಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ಬಡಿಯುತ್ತದೆ, ಕಣಗಳು ವಸ್ತುವನ್ನು ಚೂರುಚೂರಾಗಿ ತೆಗೆಯುತ್ತವೆ. ಗಾಜು, ಸೆರಾಮಿಕ್‌ನಂಥ ಪೆಡಸು ವಸ್ತುಗಳಿಗೆ ಇದು ಒಗ್ಗುತ್ತದೆ. ಜಿಗುಟಾದ ಲೋಹದಲ್ಲಿ ನಿಧಾನ, ಏಕೆಂದರೆ ಲೋಹ ಚೂರಾಗುವ ಬದಲು ತಗ್ಗುತ್ತದೆ.

ಹಾಗಾದರೆ ಹುಡುಗನ ಅಣ್ಣನ ಟೈಟಾನಿಯಂ? ಅದರದ್ದು ಬೇರೆ ವಿಧಾನ. ಟೈಟಾನಿಯಂ ಮಿಶ್ರಲೋಹಗಳು ಶಾಖವನ್ನು ಬೇಗ ಸಾಗಿಸುವುದಿಲ್ಲ. ಕತ್ತರಿಸುವಾಗ ಹುಟ್ಟುವ ಬಿಸಿಯೆಲ್ಲ ಟೂಲಿನ ತುದಿಯಲ್ಲೇ ನಿಂತು ತುದಿ ಸುಟ್ಟುಹೋಗುತ್ತದೆ. ಇನ್‌ಕೊನೆಲ್‌ನಂಥ ನಿಕ್ಕಲ್ ಮಿಶ್ರಲೋಹಗಳು ಕೆಂಪಗೆ ಕಾದರೂ ಬಲ ಬಿಡುವುದಿಲ್ಲ, ಕತ್ತರಿಸಿದಷ್ಟೂ ಮೇಲ್ಮೈ ಇನ್ನೂ ಗಡುಸಾಗುತ್ತದೆ. ವಿಮಾನದ ಎಂಜಿನ್ನಿಗೆ ಇವು ಬೇಕಾಗುವುದೂ, ಲೇತ್ ಮೇಲೆ ಇವು ಕಾಡುವುದೂ ಒಂದೇ ಗುಣದಿಂದ. ಇಲ್ಲಿ ಪುಡಿ ಬಳಸುವುದಿಲ್ಲ. ಮಾಮೂಲಿ ಕತ್ತರಿಸುವ ಟೂಲನ್ನೇ ಸೆಕೆಂಡಿಗೆ ಸುಮಾರು 20,000 ಬಾರಿ, ಕೆಲವೇ ಮೈಕ್ರಾನ್‌ಗಳಷ್ಟು ನಡುಗಿಸುತ್ತಾರೆ. ಟೂಲ್ ಲೋಹವನ್ನು ಮುಟ್ಟುತ್ತದೆ, ಬಿಡುತ್ತದೆ, ಮತ್ತೆ ಮುಟ್ಟುತ್ತದೆ. ಬಿಟ್ಟ ಕ್ಷಣದಲ್ಲಿ ಕೂಲಂಟ್ ಒಳಗೆ ನುಗ್ಗುತ್ತದೆ. ಸರಾಸರಿ ಬಲ ತಗ್ಗುತ್ತದೆ, ತುದಿ ಬಾಳುತ್ತದೆ.

ಇದಕ್ಕೊಂದು ಮಿತಿಯೂ ಇದೆ. ಟೂಲ್ ನಿಜಕ್ಕೂ ಬಿಟ್ಟುಬರಬೇಕಾದರೆ ಅದರ ಹಿಂಚಲನೆ ಲೋಹ ತಿರುಗುವ ವೇಗಕ್ಕಿಂತ ಹೆಚ್ಚಿರಬೇಕು. ಪಾರ 10 ಮೈಕ್ರಾನ್, ಆವೃತ್ತಿ 20,000 ಹರ್ಟ್ಜ್ ಎಂದಿಟ್ಟುಕೊಂಡರೆ ಟೂಲಿನ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 1.25 ಮೀಟರ್, ಅಂದರೆ ನಿಮಿಷಕ್ಕೆ 75 ಮೀಟರ್. ಅದಕ್ಕಿಂತ ಜೋರಾಗಿ ತಿರುಗಿಸಿದರೆ ಟೂಲ್ ಬಿಡುವುದೇ ಇಲ್ಲ, ಲಾಭ ಹೆಚ್ಚುಕಡಿಮೆ ಹೋದಂತೆ. ಆತುರದವರಿಗೆ ಈ ವಿದ್ಯೆಯಲ್ಲ.

ಇಂಥ ಯಂತ್ರಗಳ ತಲೆಯೊಳಗೆ ಕೂತು ನಡುಗಿಸುವ ಭಾಗಕ್ಕೆ ಇಂದಿಗೂ ಲಾಂಜೆವಿನ್ ಹೆಸರೇ ಇದೆ. ಕ್ವಾರ್ಟ್ಜ್ ಜಾಗಕ್ಕೆ ಸೆರಾಮಿಕ್ ಬಿಲ್ಲೆಗಳು ಬಂದಿವೆ, ಅಂಟಿನ ಜಾಗಕ್ಕೆ ಬೋಲ್ಟ್ ಬಂದಿದೆ. ಎರಡು ಲೋಹಗಳ ನಡುವೆ ನಡುಗುವ ಬಿಲ್ಲೆ ಎಂಬ ಏರ್ಪಾಡು ಅದೇ.

ನಮ್ಮ ನಾಡಿಗೂ ಈ ಕಥೆಯ ಒಂದು ಕೊಂಡಿ ಇದೆ. 1932ರಲ್ಲಿ ಪ್ಯಾರಿಸ್‌ನಲ್ಲಿ ರೆನೆ ಲೂಕಾ ಮತ್ತು ಲಾಂಜೆವಿನ್ ಅವರ ಒಡನಾಡಿ ಪಿಯರ್ ಬಿಕಾರ್, ಶ್ರವಣಾತೀತ ಅಲೆಗಳು ಹಾಯುವ ದ್ರವದಲ್ಲಿ ಬೆಳಕು ಹಲವು ಕವಲಾಗಿ ಚೆದುರುವುದನ್ನು ತೋರಿಸಿದರು. ಅದೇ ವರ್ಷ ಅಮೆರಿಕದಲ್ಲೂ ಇದು ಕಂಡಿತು. ಅದರ ಸಿದ್ಧಾಂತವನ್ನು 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಕೊಟ್ಟರು.

ಲಾಂಜೆವಿನ್ ಮುಂದೆಯೂ ಮೇಷ್ಟ್ರಾಗಿಯೇ ಉಳಿದರು. ಸಾಪೇಕ್ಷ ಸಿದ್ಧಾಂತವನ್ನು ಫ್ರೆಂಚರಿಗೆ ತಿಳಿಯುವಂತೆ ಹೇಳಿಕೊಟ್ಟವರಲ್ಲಿ ಅವರು ಮೊದಲಿಗರು. 1922ರಲ್ಲಿ ಐನ್‌ಸ್ಟೈನ್ ಪ್ಯಾರಿಸ್‌ಗೆ ಬಂದದ್ದು ಅವರ ಆಹ್ವಾನದ ಮೇಲೆ. ಲೂಯಿ ದ ಬ್ರಾಯ್ ಎಂಬ ವಿದ್ಯಾರ್ಥಿ ಕಣಕ್ಕೂ ಅಲೆಯ ಗುಣವಿದೆ ಎಂದು ಪ್ರಬಂಧ ಬರೆದಾಗ, ಅದನ್ನು ತಳ್ಳಿಹಾಕದೆ ಐನ್‌ಸ್ಟೈನ್‌ಗೆ ಕಳಿಸಿದರು. ತಮಗೆ ಹೊಸತೆನಿಸಿದ ವಿಚಾರವನ್ನು ತಂದ ವಿದ್ಯಾರ್ಥಿಯನ್ನು ಕೂರಿಸಲಿಲ್ಲ. ಇದನ್ನು ಓದುವಾಗ ನನ್ನ ತರಗತಿ ನೆನಪಾಯಿತು.

1930ರ ದಶಕದಲ್ಲಿ ಅವರು ಫ್ಯಾಸಿಸಂ ವಿರುದ್ಧ ಬಹಿರಂಗವಾಗಿ ನಿಂತರು. ಜರ್ಮನರು ಪ್ಯಾರಿಸ್ ಹಿಡಿದ ಮೇಲೆ, 1940ರ ಅಕ್ಟೋಬರ್ 30ರಂದು ಅವರನ್ನು ಬಂಧಿಸಿದರು. ಆಗ ಅವರಿಗೆ 68 ವರ್ಷ. ನವೆಂಬರ್ 8ರಂದು ವಿದ್ಯಾರ್ಥಿಗಳು ಕಾಲೇಜ್ ದ ಫ್ರಾನ್ಸ್ ಮುಂದೆ ಸೇರಿ ಪ್ರತಿಭಟಿಸಿದರು. ಸೆರೆಮನೆಯಿಂದ ಬಿಟ್ಟು ತ್ರುವಾ ಎಂಬ ಊರಿನಲ್ಲಿ ಕಾವಲಿನಲ್ಲಿಟ್ಟರು. ಅವರ ಅಳಿಯ, ಭೌತವಿಜ್ಞಾನಿ ಜಾಕ್ ಸೊಲೊಮನ್ ಅವರನ್ನು 1942ರ ಮೇ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಮಗಳು ಎಲೆನ್ ಅವರನ್ನು 1943ರಲ್ಲಿ ಆಶ್‌ವಿಟ್ಜ್‌ಗೆ ಸಾಗಿಸಿದರು. ಆಕೆ ಬದುಕಿ ಬಂದರು. ಲಾಂಜೆವಿನ್ 1944ರಲ್ಲಿ ತಪ್ಪಿಸಿಕೊಂಡು ಸ್ವಿಟ್ಜರ್‌ಲೆಂಡ್ ಸೇರಿದರು.

ಪ್ಯಾರಿಸ್ ಬಿಡುಗಡೆಯಾದ ಮೇಲೆ, 70 ದಾಟಿದ, ದೇಹ ಸೋತ ಈ ಮನುಷ್ಯ ಒಪ್ಪಿಕೊಂಡ ಕೆಲಸ ಶಾಲೆಯದ್ದು. ಫ್ರಾನ್ಸಿನ ಶಿಕ್ಷಣ ಸುಧಾರಣಾ ಆಯೋಗಕ್ಕೆ ಅವರು ಅಧ್ಯಕ್ಷರಾದರು. 1946ರ ಡಿಸೆಂಬರ್ 19ರಂದು ತೀರಿಕೊಂಡರು. ಮನೋವಿಜ್ಞಾನಿ ಆನ್ರಿ ವಾಲನ್ ಮುಂದುವರಿಸಿದ ಕೆಲಸ 1947ರಲ್ಲಿ ಲಾಂಜೆವಿನ್–ವಾಲನ್ ಯೋಜನೆ ಎಂಬ ಹೆಸರಿನಲ್ಲಿ ಸಲ್ಲಿಕೆಯಾಯಿತು. 18 ವರ್ಷದವರೆಗೆ ಎಲ್ಲರಿಗೂ ಶಿಕ್ಷಣ, ತರಗತಿಗೆ 25ಕ್ಕಿಂತ ಹೆಚ್ಚು ಮಕ್ಕಳಿರಬಾರದು, ಎಲ್ಲ ಹಂತದ ಶಿಕ್ಷಕರಿಗೂ ವಿಶ್ವವಿದ್ಯಾಲಯದ ಶಿಕ್ಷಣ. ಇವೆಲ್ಲದರ ಬುಡದಲ್ಲಿ ಇದ್ದ ಮಾತು: ಕೈಯ ಕೆಲಸ, ತಾಂತ್ರಿಕ ಕೆಲಸ, ಬುದ್ಧಿಯ ಕೆಲಸ, ಮೂರಕ್ಕೂ ಸಮಾನ ಗೌರವ. ಯೋಜನೆ ಪೂರ್ತಿಯಾಗಿ ಜಾರಿಗೆ ಬರಲಿಲ್ಲ. ಆದರೂ ಫ್ರಾನ್ಸಿನಲ್ಲಿ ಶಾಲೆಯ ಚರ್ಚೆ ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. 1948ರಲ್ಲಿ ಅವರ ದೇಹವನ್ನು, ಗೆಳೆಯ ಪೆರಿನ್ ಅವರ ದೇಹದೊಂದಿಗೆ, ರಾಷ್ಟ್ರದ ಹಿರಿಯರನ್ನಿಡುವ ಪ್ಯಾಂಥಿಯನ್ ಭವನದಲ್ಲಿ ಇರಿಸಿದರು.

ಕೈಗಾರಿಕಾ ಶಾಲೆಯಲ್ಲಿ ಕಲಿತ ಹುಡುಗ, ಗುರುವಿನ ಕಲ್ಲನ್ನು ಉಕ್ಕಿನ ನಡುವೆ ಇಟ್ಟ ವಿಜ್ಞಾನಿ, ಕೊನೆಗೆ ಇದನ್ನೇ ಶಾಲೆಗೆ ಕೇಳಿದರು ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಎರಡನೇ ಪಾಠದ ದಿನ ಮೊದಲು ಆ ಹುಡುಗನಿಗೆ, ಮೊನ್ನೆ ನನಗೆ ಉತ್ತರ ಗೊತ್ತಿರಲಿಲ್ಲ ಕಣಪ್ಪ, ಅದಕ್ಕೇ ಕೂರಿಸಿದೆ ಎಂದೆ. ತರಗತಿ ನಕ್ಕಿತು, ಅವನೂ ನಕ್ಕ. ಕಥೆ ಮುಗಿಸಿ ಒಂದು ಲೆಕ್ಕ ಕೊಟ್ಟೆ: ಉಕ್ಕಿನ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 5,000 ಮೀಟರ್, ಆವೃತ್ತಿ 20,000 ಹರ್ಟ್ಜ್. ತರಂಗದೂರ ಎಷ್ಟು? 25 ಸೆಂಟಿಮೀಟರ್. ನಡುಗುವ ಗಟ್ಟಿ ಅದರ ಅರ್ಧದಷ್ಟು ಉದ್ದ ಇರಬೇಕು, ಅಂದರೆ 12.5. ಹುಡುಗ ಆ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡ.

ಸೋಮವಾರ ಅವನು ಅಣ್ಣನಿಂದ ಅಳತೆ ತಂದಿದ್ದ. ನಮ್ಮ ಲೆಕ್ಕಕ್ಕೆ ಹತ್ತಿರ, ಆದರೆ ಸರಿಯಾಗಿ ಅಷ್ಟೇ ಅಲ್ಲ. ಯಾಕೆ ಮಿಸ್ ಎಂದ. ಆ ಗಟ್ಟಿಯಲ್ಲಿ ಉಕ್ಕು ಮಾತ್ರ ಇಲ್ಲ, ಅಲ್ಯೂಮಿನಿಯಂ ಇದೆ, ಸೆರಾಮಿಕ್ ಇದೆ, ಒಂದೊಂದರಲ್ಲಿ ಶಬ್ದದ ವೇಗ ಒಂದೊಂದು. ವಿವಿಧ ಮಾಧ್ಯಮಗಳಲ್ಲಿ ಶಬ್ದದ ವೇಗ ಎಂಬ ಮುಂದಿನ ಪಾಠಕ್ಕೆ ನಾನು ಬೇರೆ ಪ್ರಸ್ತಾವನೆ ಹುಡುಕಬೇಕಾಗಲಿಲ್ಲ.

ಈಗ ನನ್ನ ಪಾಠ ಯೋಜನೆಯ ಕೊನೆಯಲ್ಲಿ ಒಂದು ಅಂಕಣ ಖಾಲಿ ಬಿಡುತ್ತೇನೆ, ಮಕ್ಕಳ ಉತ್ತರ ಬಾಕಿ ಇರುವ ಪ್ರಶ್ನೆಗಳಿಗೆ. ಕಳೆದ ಸಲ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು, ಟೈಟಾನಿಯಂಗೆ ವೆಲ್ಡಿಂಗ್ ಹಿಡಿಸುವುದು ಯಾಕೆ ಕಷ್ಟ ಎಂದು ಕೇಳಿದೆ. ಅವರು ಊಟ ತಣ್ಣಗಾಗುವವರೆಗೂ ಹೇಳಿದರು. ಆ ಅಂಕಣದ ಮೊದಲ ಪುಟ ಅವರ ಮಾತಿನಿಂದಲೇ ತುಂಬಿದೆ.